ಕಪಾಟಿಗಾಗಿ ಹುಟ್ಟಿದ ಲೆಕ್ಕ: ರಸಾಯನಶಾಸ್ತ್ರದಲ್ಲಿ ಉಲ್ಲೇಖಗಳ ಎಣಿಕೆಯ ಚರಿತ್ರೆ

ರಸಾಯನಶಾಸ್ತ್ರದ ಸಂಶೋಧಕರೊಬ್ಬರು ತಮ್ಮ ವೃತ್ತಿಜೀವನದಲ್ಲಿ ಎಷ್ಟು ಸಾಧಿಸಿದ್ದಾರೆ ಎಂಬುದನ್ನು ಇಂದು ಬಹುಮಟ್ಟಿಗೆ ಎರಡು ಸಂಖ್ಯೆಗಳಿಂದ ಅಳೆಯಲಾಗುತ್ತದೆ. ಮೊದಲನೆಯದು ಅವರು ಪ್ರಕಟಿಸಿದ ಸಂಶೋಧನಾ ಪ್ರಬಂಧಗಳ ಸಂಖ್ಯೆ. ಎರಡನೆಯದು ಆ ಪ್ರಬಂಧಗಳನ್ನು ಬೇರೆ ಸಂಶೋಧಕರು ತಮ್ಮ ಬರಹಗಳಲ್ಲಿ ಆಧಾರವಾಗಿ ಹೆಸರಿಸಿದ ಸಲಗಳ ಸಂಖ್ಯೆ. ಹೀಗೆ ಹೆಸರಿಸುವುದನ್ನು ಉಲ್ಲೇಖ ಎನ್ನುತ್ತಾರೆ. ಹುದ್ದೆ, ಬಡ್ತಿ, ಅನುದಾನ, ಪ್ರಶಸ್ತಿ, ಸಂಸ್ಥೆಗಳ ಶ್ರೇಯಾಂಕ ಇವೆಲ್ಲದರಲ್ಲೂ ಉಲ್ಲೇಖಗಳ ಎಣಿಕೆಗೆ ಸ್ಥಾನವಿದೆ. ಆದರೆ ಈ ಎಣಿಕೆ ಹುಟ್ಟಿದ್ದು ಮನುಷ್ಯರನ್ನು ತೂಗುವುದಕ್ಕಲ್ಲ. ಅದು ಮೊದಲು ಒಂದು ಸಣ್ಣ ಕಾಲೇಜಿನ ಗ್ರಂಥಾಲಯದ ಕಪಾಟಿನಲ್ಲಿ ಯಾವ ನಿಯತಕಾಲಿಕಗಳಿರಬೇಕೆಂದು ತೀರ್ಮಾನಿಸಲು ಬಳಕೆಯಾಯಿತು, ಆಮೇಲೆ ಬೇಕಾದ ಪ್ರಬಂಧವನ್ನು ಹುಡುಕುವ ಸಾಧನವಾಯಿತು, ಕೊನೆಗೆ ತಕ್ಕಡಿಯಾಯಿತು. ಈ ಮೂರು ಹೆಜ್ಜೆಗಳಲ್ಲೂ ರಸಾಯನಶಾಸ್ತ್ರವೇ ಮುಂದಿದ್ದುದರಿಂದ, ಎಣಿಕೆಯ ಗುಣವನ್ನೂ ದೋಷವನ್ನೂ ಆ ಶಾಸ್ತ್ರದ ಚರಿತ್ರೆಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ.

ರಸಾಯನಶಾಸ್ತ್ರದಲ್ಲಿ ಹಿಂದಿನವರ ಬರಹವನ್ನು ಹೆಸರಿಸುವುದು ಬರಿಯ ಮರ್ಯಾದೆಯ ಮಾತಲ್ಲ. ಒಂದು ಸಂಯುಕ್ತವನ್ನು ತಯಾರಿಸುವವರಿಗೆ ಅದನ್ನು ಮೊದಲು ಯಾರು ತಯಾರಿಸಿದರು, ಯಾವ ದ್ರಾವಕವನ್ನು ಬಳಸಿದರು, ಅದರ ಕರಗುವ ಬಿಂದು ಎಷ್ಟೆಂದು ಬರೆದರು ಎಂಬುದೆಲ್ಲ ತಿಳಿದಿರಲೇಬೇಕು. ತಿಳಿಯದಿದ್ದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಿ ವರ್ಷಗಳನ್ನು ಕಳೆಯಬೇಕಾಗುತ್ತದೆ. ಈ ಕಾರಣದಿಂದಲೇ ರಸಾಯನಶಾಸ್ತ್ರಜ್ಞರು ತಮ್ಮ ಸಾಹಿತ್ಯವನ್ನು ಕ್ರಮವಾಗಿ ದಾಖಲಿಸುವ ಕೆಲಸಕ್ಕೆ ಬಹಳ ಹಿಂದೆಯೇ ಕೈಹಾಕಿದರು. ಜರ್ಮನಿಯ ಲೊರೆನ್ಜ್ ಕ್ರೆಲ್ 1778ರಲ್ಲಿ ರಸಾಯನಶಾಸ್ತ್ರಕ್ಕೇ ಮೀಸಲಾದ ನಿಯತಕಾಲಿಕವನ್ನು ಆರಂಭಿಸಿದನು. ಲವಾಸಿಯೆ ಮತ್ತು ಅವನ ಸಂಗಡಿಗರ 'ಅನಾಲ್ ದ ಶಿಮಿ' 1789ರಲ್ಲಿ ಪ್ಯಾರಿಸ್ಸಿನಿಂದ ಹೊರಬಂದಿತು. ಸ್ವೀಡನ್ನಿನ ಬರ್ಜೀಲಿಯಸ್ 1820ರ ದಶಕದ ಆರಂಭದಿಂದ ತನ್ನ ಕೊನೆಯ ವರ್ಷಗಳವರೆಗೆ ಪ್ರತಿವರ್ಷವೂ ಯುರೋಪಿನ ರಾಸಾಯನಿಕ ಸಂಶೋಧನೆಗಳನ್ನು ಓದಿ, ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತನ್ನ ವಾರ್ಷಿಕ ವರದಿಯಲ್ಲಿ ಬರೆಯುತ್ತಿದ್ದನು. ಸಂಶೋಧಕನ ಮೌಲ್ಯಮಾಪನವೆಂದರೆ ಆಗ ಇದೇ: ಎಲ್ಲವನ್ನೂ ಓದಬಲ್ಲ ಹಿರಿಯನೊಬ್ಬನ ತೀರ್ಪು. ಅದರಲ್ಲಿ ಪಕ್ಷಪಾತಕ್ಕೆ ಎಡೆಯಿತ್ತು. ತನ್ನ ಸಿದ್ಧಾಂತಗಳಿಗೆ ಒಗ್ಗದ ಕಿರಿಯರನ್ನು ಬರ್ಜೀಲಿಯಸ್ ಕಟುವಾಗಿ ಟೀಕಿಸಿದ್ದುಂಟು. ಆದರೂ ತೀರ್ಪು ಕೊಡುವ ಮೊದಲು ಪ್ರಬಂಧವನ್ನು ಓದಿರುತ್ತಿದ್ದನೆಂಬುದನ್ನು ಮರೆಯಬಾರದು.

ಒಬ್ಬನೇ ಎಲ್ಲವನ್ನೂ ಓದುವ ಕಾಲ ಬಹುಕಾಲ ಉಳಿಯಲಿಲ್ಲ. 1830ರಲ್ಲಿ ಜರ್ಮನಿಯಲ್ಲಿ ಔಷಧಶಾಸ್ತ್ರದ ಸಾರಸಂಗ್ರಹವಾಗಿ ಆರಂಭವಾಗಿ ಮುಂದೆ 'ಕೆಮಿಶೆಸ್ ಸೆಂಟ್ರಾಲ್‌ಬ್ಲಾಟ್' ಎಂದು ಹೆಸರಾದ ಪತ್ರಿಕೆ, 1880ರ ದಶಕದಿಂದ ಸಾವಯವ ಸಂಯುಕ್ತಗಳನ್ನೆಲ್ಲ ಒಂದೆಡೆ ಪಟ್ಟಿಮಾಡಿದ ಬೈಲ್‌ಸ್ಟೈನನ ಕೈಪಿಡಿ, 1907ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿ ಆರಂಭಿಸಿದ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಇವೆಲ್ಲ ಪ್ರಬಂಧಗಳ ಪ್ರವಾಹಕ್ಕೆ ಕಟ್ಟಿದ ಒಡ್ಡುಗಳು. 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಜಗತ್ತಿನ ಎಲ್ಲೆಡೆಯ ರಾಸಾಯನಿಕ ಪ್ರಬಂಧಗಳ ಸಾರವನ್ನು ಕೆಲವೇ ಸಾಲುಗಳಲ್ಲಿ ಅಚ್ಚುಮಾಡುತ್ತಿತ್ತು. ಮೊದಲ ಹತ್ತು ಲಕ್ಷ ಸಾರಗಳು ಕೂಡಲು ಅದಕ್ಕೆ 32 ವರ್ಷ ಬೇಕಾಯಿತು. ಎರಡನೆಯ ಹತ್ತು ಲಕ್ಷಕ್ಕೆ 18 ವರ್ಷ, ಮೂರನೆಯದಕ್ಕೆ ಎಂಟು ವರ್ಷ ಸಾಕಾದವು. ಓದುವವರ ಶಕ್ತಿಗೂ ಬರೆಯುವವರ ವೇಗಕ್ಕೂ ನಡುವೆ ಹೀಗೆ ಬೆಳೆದ ಅಂತರದಲ್ಲೇ ಎಣಿಕೆ ಬೇರುಬಿಟ್ಟಿತು.

ಆ ಅಂತರವನ್ನು ಮೊದಲು ಅಂಕಿಗಳಲ್ಲಿ ಹಿಡಿದವರಲ್ಲಿ ಆಲ್ಫ್ರೆಡ್ ಲೋಟ್ಕಾ ಮುಖ್ಯನು. ರಸಾಯನ ಮತ್ತು ಭೌತವಿಜ್ಞಾನಗಳಲ್ಲಿ ತರಬೇತಿ ಪಡೆದು ಮುಂದೆ ನ್ಯೂಯಾರ್ಕಿನ ಜೀವವಿಮಾ ಕಂಪನಿಯೊಂದರಲ್ಲಿ ಸಂಖ್ಯಾಶಾಸ್ತ್ರದ ಕೆಲಸಕ್ಕೆ ಸೇರಿದ ಲೋಟ್ಕಾ, 1907ರಿಂದ 1916ರವರೆಗಿನ 'ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್' ಸೂಚಿಯಲ್ಲಿ ಎ ಮತ್ತು ಬಿ ಅಕ್ಷರಗಳಿಂದ ಆರಂಭವಾಗುವ 6,891 ಲೇಖಕರ ಹೆಸರುಗಳನ್ನು ತೆಗೆದುಕೊಂಡು, ಯಾರು ಎಷ್ಟು ಪ್ರಬಂಧ ಬರೆದಿದ್ದಾರೆಂದು ಎಣಿಸಿ 1926ರಲ್ಲಿ ಪ್ರಕಟಿಸಿದನು. ನೂರಕ್ಕೆ ಸುಮಾರು 58 ಮಂದಿಯ ಹೆಸರಿನಲ್ಲಿ ಒಂದೇ ಒಂದು ಪ್ರಬಂಧವಿತ್ತು. ಎರಡು ಪ್ರಬಂಧ ಬರೆದವರು ಒಂದು ಬರೆದವರ ಸುಮಾರು ನಾಲ್ಕನೆಯ ಒಂದು ಭಾಗ, ಮೂರು ಬರೆದವರು ಸುಮಾರು ಒಂಬತ್ತನೆಯ ಒಂದು ಭಾಗ. ಮೇಲೇರಿದಂತೆ ಇದೇ ಲೆಕ್ಕದಲ್ಲಿ ಜನ ಕಡಿಮೆಯಾಗುತ್ತ ಹೋಗುತ್ತಾರೆ. ಲೋಟ್ಕಾನ ನಿಯಮವೆಂದು ಹೆಸರಾದ ಈ ಮಾತು ವಿಜ್ಞಾನದ ಫಸಲು ಎಲ್ಲರ ಹೊಲದಲ್ಲೂ ಸಮನಾಗಿ ಬೆಳೆಯುವುದಿಲ್ಲವೆಂದು ತೋರಿಸಿತು. ಆದರೆ ಹೆಚ್ಚು ಬರೆದವನು ಹೆಚ್ಚು ಯೋಗ್ಯನೆಂದು ಅದರಿಂದ ಸಿದ್ಧವಾಗುವುದಿಲ್ಲ. ಅದು ಸಮುದಾಯವೊಂದರ ಚಿತ್ರ, ವ್ಯಕ್ತಿಯ ಜಾತಕವಲ್ಲ.

ಮರುವರ್ಷ, 1927ರಲ್ಲಿ, ಉಲ್ಲೇಖಗಳ ಎಣಿಕೆಯ ನಿಜವಾದ ಆರಂಭವಾಯಿತು. ಕ್ಯಾಲಿಫೋರ್ನಿಯದ ಪೊಮೊನಾ ಕಾಲೇಜಿನ ಪಿ. ಎಲ್. ಕೆ. ಗ್ರಾಸ್ ಮತ್ತು ಇ. ಎಂ. ಗ್ರಾಸ್ ಅವರ ಮುಂದಿದ್ದ ಪ್ರಶ್ನೆ ಯಾವುದೇ ಕಾಲೇಜಿನ ಗ್ರಂಥಪಾಲಕರಿಗೆ ಪರಿಚಿತವಾದುದು: ಹಣ ಕಡಿಮೆ, ನಿಯತಕಾಲಿಕಗಳು ನೂರಾರು, ಹೀಗಿರುವಾಗ ರಸಾಯನಶಾಸ್ತ್ರದ ವಿದ್ಯಾರ್ಥಿಗಳನ್ನು ಉನ್ನತ ಅಧ್ಯಯನಕ್ಕೆ ಸಿದ್ಧಪಡಿಸಲು ಯಾವುವನ್ನು ತರಿಸಬೇಕು? ಪ್ರಾಧ್ಯಾಪಕರ ಇಷ್ಟಾನಿಷ್ಟಗಳನ್ನು ಕೇಳುವುದರ ಬದಲು ಅವರು 1926ರ 'ಜರ್ನಲ್ ಆಫ್ ದಿ ಅಮೆರಿಕನ್ ಕೆಮಿಕಲ್ ಸೊಸೈಟಿ'ಯ ಸಂಪುಟವನ್ನು ಮುಂದಿಟ್ಟುಕೊಂಡು, ಅದರ ಅಡಿಟಿಪ್ಪಣಿಗಳಲ್ಲಿ ಯಾವ ನಿಯತಕಾಲಿಕ ಎಷ್ಟು ಬಾರಿ ಬಂದಿದೆಯೆಂದು ಎಣಿಸಿದರು. ಒಟ್ಟು 247 ನಿಯತಕಾಲಿಕಗಳಿಗೆ ಸೇರಿದ 3,633 ಉಲ್ಲೇಖಗಳು ಸಿಕ್ಕವು. ಬೇರೆ ದೇಶಗಳ ಪತ್ರಿಕೆಗಳ ಪೈಕಿ ಜರ್ಮನ್ ರಸಾಯನಶಾಸ್ತ್ರ ಸಂಘದ 'ಬೆರಿಷ್ಟೆ' ಎಲ್ಲಕ್ಕಿಂತ ಮುಂದಿತ್ತು. ಜರ್ಮನ್ ಓದಲು ಬಾರದ ವಿದ್ಯಾರ್ಥಿಗೆ ಆಗಿನ ರಸಾಯನಶಾಸ್ತ್ರದ ದೊಡ್ಡ ಭಾಗ ಮುಚ್ಚಿದ ಬಾಗಿಲಾಗಿತ್ತೆಂಬುದು ಇದರಿಂದ ಖಚಿತವಾಯಿತು. ಈ ಅಧ್ಯಯನದ ಅಂದವಿರುವುದು ಅದರ ಮಿತಿಯಲ್ಲಿ. ಕೇಳಿದ ಪ್ರಶ್ನೆ ಸಣ್ಣದು, ಅದಕ್ಕೆ ತಕ್ಕ ಎಣಿಕೆ, ಎಣಿಕೆಗೆ ತಕ್ಕ ಉತ್ತರ. ಅವರ ಕೋಷ್ಟಕದಲ್ಲಿ ಪತ್ರಿಕೆಗಳ ಹೆಸರುಗಳಿದ್ದವು, ವಿಜ್ಞಾನಿಗಳ ಹೆಸರುಗಳಿಗೆ ಅಲ್ಲಿ ಕೆಲಸವೇ ಇರಲಿಲ್ಲ.

ಎಣಿಕೆಯನ್ನು ಕಪಾಟಿನಿಂದ ಇಳಿಸಿ ಜಗತ್ತಿನ ಎಲ್ಲ ಪ್ರಯೋಗಾಲಯಗಳಿಗೂ ತಲುಪಿಸಿದ ಯೂಜೀನ್ ಗಾರ್ಫೀಲ್ಡ್ ಕೂಡ ರಸಾಯನಶಾಸ್ತ್ರದಿಂದಲೇ ಬಂದವನು. ನ್ಯೂಯಾರ್ಕಿನಲ್ಲಿ 1925ರಲ್ಲಿ ಹುಟ್ಟಿ, 1949ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದ ಪದವಿ ಪಡೆದ ಆತ ಅಲ್ಲಿನ ಪ್ರಸಿದ್ಧ ವಿಜ್ಞಾನಿ ಲೂಯಿ ಹ್ಯಾಮೆಟ್ಟರ ಪ್ರಯೋಗಾಲಯದಲ್ಲಿ ಸ್ವಲ್ಪಕಾಲ ಕೆಲಸ ಮಾಡಿದನು. 1951ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಕೆಮಿಕಲ್ ಸೊಸೈಟಿಯ 75ನೆಯ ವರ್ಷದ ಸಮ್ಮೇಳನದಲ್ಲಿ, ರಾಸಾಯನಿಕ ಸಾಹಿತ್ಯದ ದಾಖಲೀಕರಣದಲ್ಲಿ ತೊಡಗಿದ್ದ ಜೇಮ್ಸ್ ಪೆರಿಯ ಪರಿಚಯವಾಗಿ, ಅಲ್ಲಿಂದ ಅವನ ದಾರಿ ಬದಲಾಯಿತು. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಪ್ರಬಂಧಗಳಿಗೆ ಸೂಚಿ ತಯಾರಿಸುವ ಯೋಜನೆಗೆ ಸೇರಿದ ಗಾರ್ಫೀಲ್ಡನಿಗೆ ಅಮೆರಿಕದ ವಕೀಲರು ಬಹುಕಾಲದಿಂದ ಬಳಸುತ್ತಿದ್ದ ಒಂದು ಪುಸ್ತಕಮಾಲೆಯ ವಿಷಯ ತಿಳಿಯಿತು. ಫ್ರಾಂಕ್ ಶೆಪರ್ಡ್ 1873ರಲ್ಲಿ ಆರಂಭಿಸಿದ ಆ ಮಾಲೆಯಲ್ಲಿ ನ್ಯಾಯಾಲಯದ ಒಂದು ತೀರ್ಪನ್ನು ಆಮೇಲಿನ ಯಾವ ಯಾವ ತೀರ್ಪುಗಳು ಹೆಸರಿಸಿವೆ, ಎತ್ತಿಹಿಡಿದಿವೆ, ತಳ್ಳಿಹಾಕಿವೆ ಎಂಬುದರ ಪಟ್ಟಿಯಿರುತ್ತಿತ್ತು. ಹಳೆಯ ತೀರ್ಪನ್ನು ನೆಚ್ಚಿ ವಾದಿಸುವ ವಕೀಲನಿಗೆ ಅದು ಇನ್ನೂ ಜೀವಂತವಾಗಿದೆಯೇ ಎಂದು ತಿಳಿಯುವುದು ಎಷ್ಟು ಅಗತ್ಯವೋ, ಹಳೆಯ ಪ್ರಯೋಗವನ್ನು ನೆಚ್ಚಿ ಕೆಲಸ ಮಾಡುವ ವಿಜ್ಞಾನಿಗೂ ಅಷ್ಟೇ ಅಗತ್ಯವೆಂದು ಗಾರ್ಫೀಲ್ಡನಿಗೆ ಹೊಳೆಯಿತು.

ಈ ಆಲೋಚನೆಯನ್ನು ಆತ 1955ರಲ್ಲಿ 'ಸೈನ್ಸ್' ಪತ್ರಿಕೆಯ ಪ್ರಬಂಧದಲ್ಲಿ ಮಂಡಿಸಿದನು. ತಪ್ಪಾದ, ಅಪೂರ್ಣವಾದ, ಹಳತಾದ ಮಾಹಿತಿಯನ್ನು ಪರೀಕ್ಷಿಸದೆ ಮತ್ತೆ ಮತ್ತೆ ಉಲ್ಲೇಖಿಸುವುದನ್ನು ತಡೆಯಬೇಕೆಂಬುದು ಅದರ ಮುಖ್ಯ ಉದ್ದೇಶವಾಗಿತ್ತು. ವಿಷಯಾನುಕ್ರಮದ ಸೂಚಿ ಹಿಂದಕ್ಕೆ ಮಾತ್ರ ಕರೆದೊಯ್ಯುತ್ತದೆ. ಉಲ್ಲೇಖಗಳ ಸೂಚಿಯಾದರೋ ಒಂದು ಪ್ರಬಂಧದಿಂದ ಹೊರಟು ಅದನ್ನು ಬಳಸಿಕೊಂಡ ಮುಂದಿನ ಪ್ರಬಂಧಗಳಿಗೆ ದಾರಿ ತೋರಿಸುತ್ತದೆ. ಫಿಲಡೆಲ್ಫಿಯಾದಲ್ಲಿ ಗಾರ್ಫೀಲ್ಡ್ ಕಟ್ಟಿದ ಇನ್‌ಸ್ಟಿಟ್ಯೂಟ್ ಫಾರ್ ಸೈಂಟಿಫಿಕ್ ಇನ್‌ಫರ್ಮೇಶನ್ ಎಂಬ ಸಂಸ್ಥೆ ಹೊಸ ಸಂಯುಕ್ತಗಳನ್ನು ಪಟ್ಟಿಮಾಡುವ 'ಇಂಡೆಕ್ಸ್ ಕೆಮಿಕಸ್' ಅನ್ನು 1960ರಲ್ಲಿ ಹೊರತಂದಿತು. ರಾಸಾಯನಿಕ ಹೆಸರುಗಳನ್ನು ಯಂತ್ರದ ಮೂಲಕ ಅಣುಸೂತ್ರಗಳಾಗಿ ಮಾರ್ಪಡಿಸುವ ವಿಧಾನದ ಮೇಲೆ ಮಹಾಪ್ರಬಂಧ ಬರೆದು 1961ರಲ್ಲಿ ಆತ ಭಾಷಾಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದನು. 613 ನಿಯತಕಾಲಿಕಗಳ 1961ನೆಯ ವರ್ಷದ ಸಂಚಿಕೆಗಳಿಂದ 14 ಲಕ್ಷ ಉಲ್ಲೇಖಗಳನ್ನು ಹೆಕ್ಕಿ ಐದು ಸಂಪುಟಗಳಲ್ಲಿ ಜೋಡಿಸಿದ 'ಸೈನ್ಸ್ ಸೈಟೇಶನ್ ಇಂಡೆಕ್ಸ್' ಇದರ ಬೆನ್ನಿಗೇ ಸಿದ್ಧವಾಗಿ, 1964ರಿಂದ ನಿಯಮಿತ ಪ್ರಕಟಣೆಯಾಯಿತು. ಕಂಪ್ಯೂಟರ್ ಇನ್ನೂ ಕೋಣೆ ತುಂಬುವ ಯಂತ್ರವಾಗಿದ್ದಾಗ ಇಷ್ಟು ದೊಡ್ಡ ಕೆಲಸವನ್ನು ಸರ್ಕಾರದ ಇಲಾಖೆಯಲ್ಲ, ಸಣ್ಣ ಖಾಸಗಿ ಸಂಸ್ಥೆಯೊಂದು ಮಾಡಿತೆಂಬುದು ಮೆಚ್ಚತಕ್ಕ ಸಂಗತಿ.

ಹುಡುಕುವುದಕ್ಕಾಗಿ ಕಟ್ಟಿದ ಈ ಸೂಚಿಯಲ್ಲಿ ತೂಗುವ ಆಸೆಯೂ ಮೊದಲಿನಿಂದಲೇ ಅಡಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು. 1962 ಮತ್ತು 1963ರ ನೊಬೆಲ್ ವಿಜೇತರಿಗೆ 1961ರ ಸೂಚಿಯಲ್ಲಿ ಸಾಮಾನ್ಯ ಲೇಖಕನಿಗಿಂತ ಸುಮಾರು 30 ಪಟ್ಟು ಹೆಚ್ಚು ಉಲ್ಲೇಖಗಳಿದ್ದವೆಂದು ಗಾರ್ಫೀಲ್ಡ್ ಮತ್ತು ಅವನ ಸಹೋದ್ಯೋಗಿ ಅರ್ವಿಂಗ್ ಶೆರ್ ತೋರಿಸಿದರು. 1967ರಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ 50 ಲೇಖಕರ ಪಟ್ಟಿಯಲ್ಲಿ ಸಾವಯವ ರಸಾಯನಶಾಸ್ತ್ರಜ್ಞ ಡೆರೆಕ್ ಬಾರ್ಟನ್ ಇದ್ದನು. 1969ರಲ್ಲಿ ಅವನಿಗೆ ನೊಬೆಲ್ ಬಂದಿತು. ಇಂಥ ಹೊಂದಾಣಿಕೆಗಳನ್ನು ಕಂಡವರಿಗೆ ಎಣಿಕೆಯಲ್ಲೇ ಸತ್ಯವಿದೆಯೆನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಮೊದಲ ಸಂಪುಟಗಳಲ್ಲಿ ಉಲ್ಲೇಖಿತ ಪ್ರಬಂಧಗಳು ಮೊದಲ ಲೇಖಕರ ಹೆಸರಿನಡಿಯಲ್ಲಿ ಮಾತ್ರ ಪಟ್ಟಿಯಾಗುತ್ತಿದ್ದವು. ರಸಾಯನಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದ ವಿದ್ಯಾರ್ಥಿಯ ಹೆಸರು ಮೊದಲು, ಮಾರ್ಗದರ್ಶಕರ ಹೆಸರು ಕೊನೆಯಲ್ಲಿ ಬರುವುದು ಬಹಳ ಕಡೆ ರೂಢಿ. ಹೀಗಾಗಿ ಜೀವಮಾನವಿಡೀ ಒಂದು ಗುಂಪನ್ನು ನಡೆಸಿದವರ ಲೆಕ್ಕ ಅವರ ವಿದ್ಯಾರ್ಥಿಗಳ ಹೆಸರುಗಳಲ್ಲಿ ಹರಿದು ಹಂಚಿಹೋಗುತ್ತಿತ್ತು.

ಎಣಿಕೆಯ ಈ ವಿದ್ಯೆಗೆ ಮುಂದೆ ಬಿಬ್ಲಿಯೊಮೆಟ್ರಿಕ್ಸ್, ಸೈಂಟೊಮೆಟ್ರಿಕ್ಸ್ ಎಂಬ ಹೆಸರುಗಳು ಬಂದವು. 'ಸೈಂಟೊಮೆಟ್ರಿಕ್ಸ್' ಎಂಬ ನಿಯತಕಾಲಿಕವನ್ನು 1978ರಲ್ಲಿ ಆರಂಭಿಸಿದ ಹಂಗೇರಿಯ ಟಿಬೋರ್ ಬ್ರೌನ್ ವಿಶ್ಲೇಷಣಾತ್ಮಕ ರಸಾಯನಶಾಸ್ತ್ರಜ್ಞ. ಭಾರತದ ಎಸ್. ಆರ್. ರಂಗನಾಥನ್ ಅವರು ಈ ಹೆಸರುಗಳು ರೂಢಿಗೆ ಬರುವ ಮೊದಲೇ, 1948ರಲ್ಲಿ, ಇಂಗ್ಲೆಂಡಿನ ಸಮ್ಮೇಳನವೊಂದರಲ್ಲಿ ಗ್ರಂಥಾಲಯದ ಕೆಲಸಗಳಿಗೆ ಸಂಖ್ಯಾಶಾಸ್ತ್ರವನ್ನು ಅನ್ವಯಿಸಬೇಕೆಂದು ಸೂಚಿಸಿ ಅದನ್ನು ಲೈಬ್ರಮೆಟ್ರಿ ಎಂದು ಕರೆದಿದ್ದರು. ಅವರು 1962ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಅನೇಕ ತಲೆಮಾರುಗಳ ಗ್ರಂಥಪಾಲಕರಿಗೆ ಇದನ್ನು ಕಲಿಸಿತು. ರಂಗನಾಥನ್ ಅವರ ಗಮನವೂ ಗ್ರಂಥಾಲಯದ ಸೇವೆಯ ಮೇಲಿತ್ತೇ ಹೊರತು ವಿಜ್ಞಾನಿಯ ಶ್ರೇಯಾಂಕದ ಮೇಲಿರಲಿಲ್ಲ.

ಗಾರ್ಫೀಲ್ಡ್ ಮತ್ತು ಶೆರ್ ರೂಪಿಸಿದ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಳತೆಗೋಲೂ ಮೂಲದಲ್ಲಿ ನಿಯತಕಾಲಿಕಗಳಿಗೆ ಸಂಬಂಧಿಸಿದ್ದು. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಬರಹಗಳಿಗೆ ಈ ವರ್ಷ ಬಂದ ಉಲ್ಲೇಖಗಳನ್ನು ಆ ಎರಡು ವರ್ಷಗಳ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಸರಾಸರಿಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಯಾವ ಪತ್ರಿಕೆಗಳನ್ನು ಸೂಚಿಗೆ ಸೇರಿಸಬೇಕೆಂದು ಆರಿಸುವಾಗ, ಗಾತ್ರದಲ್ಲಿ ದೊಡ್ಡದಾದ ಪತ್ರಿಕೆಗೆ ಅನಗತ್ಯ ಅನುಕೂಲವಾಗದಿರಲೆಂದು ಈ ಭಾಗಾಕಾರವನ್ನು ಮಾಡಲಾಯಿತು. 1970ರ ದಶಕದ ನಡುವಿನಿಂದ ಈ ಅಂಕಿಗಳು ಪ್ರತಿವರ್ಷವೂ ಅಚ್ಚಾಗತೊಡಗಿದ ಮೇಲೆ, ಪತ್ರಿಕೆಯ ಸರಾಸರಿಯನ್ನು ಅದರಲ್ಲಿ ಬರೆದವರ ಯೋಗ್ಯತೆಯೆಂದು ಓದುವ ಅಭ್ಯಾಸ ಬೆಳೆಯಿತು. ಗಾರ್ಫೀಲ್ಡನೇ ಇದು ತಪ್ಪೆಂದು ಹಲವು ಬಾರಿ ಎಚ್ಚರಿಸಿದನು.

ಆ ಎಚ್ಚರಿಕೆ ಎಷ್ಟು ಸರಿಯೆಂಬುದಕ್ಕೆ ಸ್ಫಟಿಕಶಾಸ್ತ್ರದ ಒಂದು ಪ್ರಕರಣ ಸಾಕು. ಎಕ್ಸ್-ಕಿರಣಗಳಿಂದ ಅಣುವಿನ ರಚನೆಯನ್ನು ಕಂಡುಹಿಡಿಯುವವರು ಜಗತ್ತಿನಾದ್ಯಂತ ಬಳಸುವ ಶೆಲ್‌ಎಕ್ಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಜರ್ಮನಿಯ ಗಾಟಿಂಗೆನ್ನಿನ ರಸಾಯನಶಾಸ್ತ್ರಜ್ಞ ಜಾರ್ಜ್ ಶೆಲ್ಡ್ರಿಕ್ ದಶಕಗಳ ಕಾಲ ಬೆಳೆಸಿದನು. 2008ರಲ್ಲಿ 'ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ' ಪತ್ರಿಕೆಯಲ್ಲಿ ಅವುಗಳ ಸಂಕ್ಷಿಪ್ತ ಚರಿತ್ರೆಯನ್ನು ಬರೆದು, ಪ್ರೋಗ್ರಾಂಗಳನ್ನು ಬಳಸುವವರು ಈ ಲೇಖನವನ್ನು ಉಲ್ಲೇಖಿಸಬಹುದೆಂದು ಸೂಚಿಸಿದನು. ಸಾವಿರಾರು ಮಂದಿ ಹಾಗೆಯೇ ಮಾಡಿದರು. ಪರಿಣಾಮವಾಗಿ, ಹಿಂದಿನ ವರ್ಷ ಎರಡರ ಆಸುಪಾಸಿನಲ್ಲಿದ್ದ ಆ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ 49.926ಕ್ಕೆ ನೆಗೆಯಿತು. ಅದೇ ಪತ್ರಿಕೆಯಲ್ಲಿ ಅದೇ ಕಾಲದಲ್ಲಿ ಪ್ರಕಟವಾದ ಬೇರೆ ಪ್ರಬಂಧಗಳು ಹಿಂದೆ ಹೇಗಿದ್ದವೋ ಹಾಗೆಯೇ ಇದ್ದವು. ಅವುಗಳ ಲೇಖಕರು ಮಾತ್ರ, ಸರಾಸರಿಯನ್ನು ನಂಬುವವರ ಕಣ್ಣಿಗೆ, ಒಂದೇ ವರ್ಷದಲ್ಲಿ ಜಗತ್ತಿನ ಅಗ್ರಗಣ್ಯರಾಗಿಬಿಟ್ಟರು.

ಉಲ್ಲೇಖ ಅಳೆಯುವುದು ಬಳಕೆಯನ್ನು. ಈ ಸತ್ಯವನ್ನು ಆಲಿವರ್ ಲೌರಿಯಷ್ಟು ಚೆನ್ನಾಗಿ ತಿಳಿದವರು ಬೇರೊಬ್ಬರಿರಲಿಕ್ಕಿಲ್ಲ. ದ್ರಾವಣವೊಂದರಲ್ಲಿ ಎಷ್ಟು ಪ್ರೋಟೀನ್ ಇದೆಯೆಂದು ಫೋಲಿನ್ ಕಾರಕ ಬೆರೆಸಿ ಮೂಡುವ ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ವಿವರಿಸಿ ಆತ ಮತ್ತು ಅವನ ಸಹೋದ್ಯೋಗಿಗಳು 1951ರಲ್ಲಿ 'ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿ'ಯಲ್ಲಿ ಬರೆದ ಪ್ರಬಂಧಕ್ಕೆ 2014ರ ಹೊತ್ತಿಗೆ ಮೂರು ಲಕ್ಷಕ್ಕೂ ಮಿಕ್ಕಿದ ಉಲ್ಲೇಖಗಳು ಬಂದಿದ್ದವು. ಆ ವರ್ಷ 'ನೇಚರ್' ಪತ್ರಿಕೆ ಪ್ರಕಟಿಸಿದ, ಅತಿ ಹೆಚ್ಚು ಉಲ್ಲೇಖ ಪಡೆದ ನೂರು ಪ್ರಬಂಧಗಳ ಪಟ್ಟಿಯಲ್ಲಿ ಇದಕ್ಕೆ ಮೊದಲ ಸ್ಥಾನ. ಡಿಎನ್ಎ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ಕರ 1953ರ ಪ್ರಬಂಧ ಆ ನೂರರಲ್ಲಿ ಇಲ್ಲವೇ ಇಲ್ಲ. ತನ್ನ ಪ್ರಬಂಧ ಮಹತ್ವದ್ದಲ್ಲವೆಂದು ಲೌರಿ ಸ್ವತಃ ಒಪ್ಪಿಕೊಂಡಿದ್ದನು. ಅಂಥ ಪ್ರಬಂಧವನ್ನು ಹೀಗಳೆಯಬೇಕಾಗಿಲ್ಲ. ಲಕ್ಷಾಂತರ ಪ್ರಯೋಗಗಳಿಗೆ ನೆರವಾದ ವಿಧಾನ ದೊಡ್ಡ ಉಪಕಾರವೇ. ಆದರೆ ಉಪಕಾರ ಬೇರೆ, ಹೊಸ ತಿಳಿವಳಿಕೆ ಬೇರೆ, ಮತ್ತು ಒಂದು ತಿಳಿವಳಿಕೆ ಪಠ್ಯಪುಸ್ತಕ ಸೇರಿ ಎಲ್ಲರ ಸೊತ್ತಾದ ಮೇಲೆ ಅದರ ಮೂಲವನ್ನು ಯಾರೂ ಹೆಸರಿಸುವುದಿಲ್ಲ. ಆವರ್ತ ಕೋಷ್ಟಕವನ್ನು ಬಳಸುವಾಗ ಮೆಂಡೆಲೀಫನ 1869ರ ಪ್ರಬಂಧವನ್ನು ಅಡಿಟಿಪ್ಪಣಿಯಲ್ಲಿ ಕಾಣಿಸುವ ರೂಢಿ ಇಲ್ಲ.

ವ್ಯಕ್ತಿಯನ್ನೇ ನೇರವಾಗಿ ಅಳೆಯುವ ಗೋಲು ಬಂದದ್ದು 2005ರಲ್ಲಿ. ಕ್ಯಾಲಿಫೋರ್ನಿಯದ ಭೌತಶಾಸ್ತ್ರಜ್ಞ ಜಾರ್ಜ್ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸಿನ ಲೆಕ್ಕ ಸುಲಭ: ಒಬ್ಬರ ಪ್ರಬಂಧಗಳಲ್ಲಿ 20 ಪ್ರಬಂಧಗಳಿಗೆ ತಲಾ 20 ಅಥವಾ ಹೆಚ್ಚು ಉಲ್ಲೇಖಗಳಿದ್ದು, 21 ಪ್ರಬಂಧಗಳಿಗೆ ತಲಾ 21 ಇಲ್ಲದಿದ್ದರೆ, ಅವರ ಎಚ್-ಇಂಡೆಕ್ಸ್ 20. ಪ್ರಬಂಧಗಳ ರಾಶಿಯೂ ಸಾಲದು, ಒಂದೇ ಜನಪ್ರಿಯ ಪ್ರಬಂಧವೂ ಸಾಲದು, ಎರಡೂ ಕೂಡಿರಬೇಕೆಂಬುದು ಇದರ ಆಕರ್ಷಣೆ. ಹಿಂದಿನ ವರ್ಷವಷ್ಟೇ ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎಂಬ ಹೊಸ ಮಾಹಿತಿಕೋಶಗಳು ಬಂದಿದ್ದುದರಿಂದ ಯಾರ ಎಚ್-ಇಂಡೆಕ್ಸನ್ನು ಬೇಕಾದರೂ ನಿಮಿಷಗಳಲ್ಲಿ ತಿಳಿಯುವುದು ಸಾಧ್ಯವಾಯಿತು. ರಸಾಯನಶಾಸ್ತ್ರಜ್ಞರು ಇದನ್ನು ಬೇಗನೆ ಬರಮಾಡಿಕೊಂಡರು. ಜಾರ್ಜಿಯಾ ವಿಶ್ವವಿದ್ಯಾಲಯದ ಹೆನ್ರಿ ಶೇಫರ್ ತನ್ನ ಸಹೋದ್ಯೋಗಿಯೊಡನೆ ಸಿದ್ಧಪಡಿಸಿದ, ಬದುಕಿರುವ ರಸಾಯನಶಾಸ್ತ್ರಜ್ಞರ ಎಚ್-ಇಂಡೆಕ್ಸ್ ಪಟ್ಟಿಯನ್ನು 2007ರಲ್ಲಿ ಬ್ರಿಟನ್ನಿನ 'ಕೆಮಿಸ್ಟ್ರಿ ವರ್ಲ್ಡ್' ಪ್ರಕಟಿಸಿತು. ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ 135 ಅಂಕದೊಡನೆ ಮೊದಲಿಗನಾಗಿದ್ದನು. ಅದೇ ವಿಶ್ವವಿದ್ಯಾಲಯದ ಇ. ಜೆ. ಕೋರಿ 132ರೊಡನೆ ಎರಡನೆಯವನು. ಕೋರಿಗೆ 1990ರಲ್ಲೇ ನೊಬೆಲ್ ಬಂದಿತ್ತು.

ಪಟ್ಟಿಯ ಮೇಲುತುದಿಯಲ್ಲಿರುವವರ ಹಿರಿಮೆಯನ್ನು ಯಾರೂ ಅಲ್ಲಗಳೆಯುವಂತಿಲ್ಲ. ತೊಡಕಿರುವುದು ನಡುವಿನಲ್ಲಿ, ಅಂದರೆ ಹುದ್ದೆಗೆ ಅರ್ಜಿ ಹಾಕುವ ಬಹುಪಾಲು ಸಂಶೋಧಕರಿರುವ ಕಡೆಯಲ್ಲಿ. ರಸಾಯನಶಾಸ್ತ್ರವೆಂಬ ಒಂದೇ ಹೆಸರಿನಡಿ ಹಲವು ಊರುಗಳಿವೆ. ನ್ಯಾನೊ ವಸ್ತುಗಳ ಮೇಲೆ ಕೆಲಸ ಮಾಡುವವರ ಸಂಖ್ಯೆ ದೊಡ್ಡದು, ಅವರು ಪರಸ್ಪರ ಉಲ್ಲೇಖಿಸುವುದೂ ಬೇಗ. ಸಸ್ಯಗಳಿಂದ ಸಂಕೀರ್ಣ ಅಣುಗಳನ್ನು ಬೇರ್ಪಡಿಸಿ, ಅಥವಾ 20-30 ಹಂತಗಳಲ್ಲಿ ಅವನ್ನು ಪ್ರಯೋಗಾಲಯದಲ್ಲಿ ಕಟ್ಟುವವರ ಒಂದೊಂದು ಪ್ರಬಂಧಕ್ಕೂ ವರ್ಷಗಳು ಬೇಕು, ಓದುಗರೂ ಕಡಿಮೆ. ಹೊಸ ಫಲಿತಾಂಶವಿಲ್ಲದೆ ಇದ್ದುದನ್ನು ಒಟ್ಟುಗೂಡಿಸುವ ಸಮೀಕ್ಷಾ ಲೇಖನಗಳಿಗೆ ಮೂಲ ಪ್ರಬಂಧಗಳಿಗಿಂತ ಹೆಚ್ಚು ಉಲ್ಲೇಖಗಳು ಬರುತ್ತವೆ. ವಯಸ್ಸಾದಂತೆ ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಇವನ್ನೆಲ್ಲ ಬದಿಗಿಟ್ಟು ಇಬ್ಬರ ಅಂಕಗಳನ್ನು ಹೋಲಿಸುವುದು ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಮಾರಿನಲ್ಲಿ ಅಳೆದ ಹೂವನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದಂತೆ.

ಎಣಿಕೆಯ ಕಣ್ಣಿಗೆ ಬೀಳದ ಎರಡು ಬಗೆಯ ಜೀವನಗಳು ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತವೆ. ಒಂದು, ನಿಧಾನವಾಗಿ ಮಾಗುವ ಜೀವನ. ರಸಾಯನಶಾಸ್ತ್ರದ ನೊಬೆಲನ್ನು 1958 ಮತ್ತು 1980ರಲ್ಲಿ ಎರಡು ಸಲ ಪಡೆದ ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್ 1950ರ ದಶಕದ ನಡುವಿನ ಹೊತ್ತಿಗೆ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದ ಮೇಲೆ, ಹೆಚ್ಚೇನೂ ಫಲ ಕಾಣದ ಕೆಲವು ವರ್ಷಗಳನ್ನು ಕಳೆದನು; ಅವು ತನ್ನ ಬರಗಾಲದ ವರ್ಷಗಳೆಂದು ಅವನೇ ನೆನೆದಿದ್ದಾನೆ. ಆ ವರ್ಷಗಳ ತಾಳ್ಮೆಯ ಮುಂದುವರಿಕೆಯಾಗಿಯೇ ಡಿಎನ್ಎ ಸರಣಿಯನ್ನು ಓದುವ 1977ರ ವಿಧಾನ ಬಂದಿತು. ಎರಡು ವರ್ಷಕ್ಕೊಮ್ಮೆ ಅಂಕ ಕೇಳುವ ವ್ಯವಸ್ಥೆಯಲ್ಲಿ ಆ ತಾಳ್ಮೆಗೆ ಎಡೆ ದೊರೆಯುವುದು ಸಂದೇಹ.

ಇನ್ನೊಂದು, ಮಲಗಿ ಎಚ್ಚೆತ್ತ ಪ್ರಬಂಧಗಳದ್ದು. ಪಿಟ್ಸ್‌ಬರ್ಗಿನ ಮೆಲನ್ ಸಂಸ್ಥೆಯಲ್ಲಿದ್ದ ವಿಲಿಯಂ ಹಮ್ಮರ್ಸ್ ಮತ್ತು ರಿಚರ್ಡ್ ಆಫ್‌ಮನ್, ಗಂಧಕಾಮ್ಲ, ಸೋಡಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಪರ್ಮಾಂಗನೇಟುಗಳ ಮಿಶ್ರಣದಿಂದ ಗ್ರಾಫೈಟನ್ನು ಗ್ರಾಫೈಟ್ ಆಕ್ಸೈಡ್ ಆಗಿ ಮಾರ್ಪಡಿಸುವ ವಿಧಾನವನ್ನು 1958ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಜರ್ನಲ್ಲಿನಲ್ಲಿ ಒಂದು ಕಿರುಬರಹವಾಗಿ ಪ್ರಕಟಿಸಿದರು. ಸುಮಾರು ಅರ್ಧ ಶತಮಾನ ಅದನ್ನು ಕೇಳಿದವರು ಕಡಿಮೆ. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗ್ರಾಫೀನ್, ಅಂದರೆ ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ, ದೊರೆತ ಮೇಲೆ ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಹಮ್ಮರ್ಸ್ ವಿಧಾನವೇ ದಾರಿಯಾಗಿ, ಆ ಪುಟ್ಟ ಬರಹಕ್ಕೆ ಸಾವಿರಾರು ಉಲ್ಲೇಖಗಳು ಹರಿದುಬಂದವು. ಇಂಥ ಪ್ರಬಂಧಗಳನ್ನು ಹುಡುಕಿದ 2015ರ ಅಧ್ಯಯನವೊಂದರಲ್ಲಿ, ದೀರ್ಘಕಾಲ ಮಲಗಿದ್ದವುಗಳ ಮೊದಲ ಸಾಲಿನಲ್ಲೇ ಹಮ್ಮರ್ಸ್ ಪ್ರಬಂಧವೂ, ಅಧಿಶೋಷಣೆಯ ಬಗ್ಗೆ ಫ್ರಾಯ್ಂಡ್ಲಿಶ್ 1906ರಲ್ಲಿ ಬರೆದ ಪ್ರಬಂಧವೂ ಸೇರಿವೆ. ಹಮ್ಮರ್ಸ್ ಮತ್ತು ಆಫ್‌ಮನ್ ಅವರ ಬಡ್ತಿಯನ್ನು 1963ರಲ್ಲಿ ಯಾರಾದರೂ ಉಲ್ಲೇಖ ಎಣಿಸಿ ತೀರ್ಮಾನಿಸಿದ್ದರೆ ಈ ಪ್ರಬಂಧದಿಂದ ಅವರಿಗೆ ಹೆಚ್ಚೇನೂ ದಕ್ಕುತ್ತಿರಲಿಲ್ಲ.

ಕರ್ನಾಟಕದ ನೆಲದಲ್ಲೂ ಇದರ ಎರಡು ಮುಖಗಳು ಕಾಣುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ತೆರೆದ ಆರಂಭದ ವರ್ಷಗಳಲ್ಲಿ, 1914ರ ಯುದ್ಧದಿಂದಾಗಿ ಮೈಸೂರಿನ ಶ್ರೀಗಂಧಕ್ಕೆ ಯುರೋಪಿನ ಮಾರುಕಟ್ಟೆ ಮುಚ್ಚಿಹೋದಾಗ, ಅಲ್ಲಿನ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಗಂಧದೆಣ್ಣೆಯನ್ನು ಇಲ್ಲಿಯೇ ಭಟ್ಟಿಯಿಳಿಸುವ ಪ್ರಯೋಗಗಳನ್ನು ನಡೆಸಿದರು. ಅದರ ಫಲವಾಗಿ 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಎಣ್ಣೆಯ ಕಾರ್ಖಾನೆಗಳು ಎದ್ದವು, ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿ ಅವರ ಶ್ರಮದಿಂದ ಮೈಸೂರು ಸ್ಯಾಂಡಲ್ ಸಾಬೂನು ಬಂದಿತು. ನೂರು ವರ್ಷಗಳಾದರೂ ನಾಡಿನ ಮನೆಮನೆಯಲ್ಲಿರುವ ಆ ಕೆಲಸದ ಪರಿಣಾಮವನ್ನು ಯಾವ ಉಲ್ಲೇಖ ಸೂಚಿಯೂ ಹಿಡಿದಿಡಲಾರದು. ಇನ್ನೊಂದು ಮುಖ ಸಿ. ಎನ್. ಆರ್. ರಾವ್ ಅವರದು. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು, ಘನಸ್ಥಿತಿ ರಸಾಯನಶಾಸ್ತ್ರವನ್ನು ಭಾರತದಲ್ಲಿ ಬೆಳೆಸಿದ ಅವರ ಪ್ರಬಂಧಗಳು 1,500ನ್ನು ಮೀರಿವೆ. 2013ರಲ್ಲಿ ಅವರ ಎಚ್-ಇಂಡೆಕ್ಸ್ ನೂರನ್ನು ಮುಟ್ಟಿದಾಗ ಅದು ಭಾರತದಲ್ಲಿದ್ದುಕೊಂಡು ಕೆಲಸ ಮಾಡಿದವರಲ್ಲಿ ಮೊದಲೆಂದು ಪತ್ರಿಕೆಗಳು ಕೊಂಡಾಡಿದವು, ಅದೇ ವರ್ಷ ಭಾರತರತ್ನ ಘೋಷಣೆಯಾಯಿತು. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಅವರು ಕಟ್ಟಿದ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕ, 1989ರಲ್ಲಿ ಸ್ಥಾಪಿಸಿದ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ, ಅಲ್ಲಿ ಬೆಳೆದ ವಿದ್ಯಾರ್ಥಿಗಳ ಸಾಲು ಇವು ಆ ನೂರರೊಳಗೆ ಇಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2010ರಲ್ಲಿ ಅಧ್ಯಾಪಕರ ಬಡ್ತಿಗೆ ಅಂಕಪದ್ಧತಿಯನ್ನು ತಂದು, ಇಂಪ್ಯಾಕ್ಟ್ ಫ್ಯಾಕ್ಟರ್ ಹೆಚ್ಚಿರುವ ಪತ್ರಿಕೆಯಲ್ಲಿ ಬರೆದವರಿಗೆ ಹೆಚ್ಚುವರಿ ಅಂಕ ನಿಗದಿಮಾಡಿದ ಮೇಲೆ, ಗ್ರಾಸ್ ಮತ್ತು ಗ್ರಾಸ್ ಅವರಂಥವರು ಪತ್ರಿಕೆಗಳಿಗಾಗಿ ಮಾಡಿದ ಲೆಕ್ಕದ ವಂಶಸ್ಥ ಜಿಲ್ಲಾಕೇಂದ್ರಗಳ ಕಾಲೇಜುಗಳವರೆಗೂ ತಲುಪಿತು. ಪ್ರಯೋಗಾಲಯಕ್ಕೆ ದ್ರಾವಕ ಕೊಳ್ಳಲು ಹಣವಿಲ್ಲದ ಕಡೆಗಳಲ್ಲೂ ಅಂಕ ಬೇಕಾಯಿತು, ಹಣ ಕೊಟ್ಟರೆ ಏನನ್ನಾದರೂ ಅಚ್ಚುಹಾಕುವ ನಕಲಿ ನಿಯತಕಾಲಿಕಗಳು ಆ ಅಗತ್ಯದ ಮೇಲೆ ಬೆಳೆದವು. ಇದು ಬರಿಯ ಆಡಳಿತದ ದೋಷವಲ್ಲ. ಪ್ರಾಮಾಣಿಕವಾಗಿ ಪಾಠ ಹೇಳುತ್ತ, ವರ್ಷಕ್ಕೊಂದು ಒಳ್ಳೆಯ ಪ್ರಯೋಗ ಮಾಡುತ್ತಿದ್ದ ಅಧ್ಯಾಪಕರಿಗೆ ಆದ ಅನ್ಯಾಯ.

ಜಗತ್ತಿನ ಬೇರೆಡೆ ಇದಕ್ಕೆ ಪ್ರತಿರೋಧ ಎದ್ದಿದೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ಸಂಪಾದಕರೂ ಪ್ರಕಾಶಕರೂ ರೂಪಿಸಿದ ಘೋಷಣೆ, ವ್ಯಕ್ತಿಯ ನೇಮಕ, ಬಡ್ತಿ, ಅನುದಾನಗಳ ತೀರ್ಮಾನದಲ್ಲಿ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನು ಬಳಸಬಾರದೆಂದು ಹೇಳಿತು. 2015ರ ಲೈಡನ್ ಪ್ರಣಾಳಿಕೆಯನ್ನು ಬರೆದವರು ಎಣಿಕೆಯ ವಿದ್ಯೆಯಲ್ಲೇ ಪಳಗಿದವರು. ಸಂಖ್ಯೆ ತಜ್ಞರ ತೀರ್ಪಿಗೆ ಬೆಂಬಲವಾಗಿರಬೇಕು, ಬದಲಿಯಾಗಬಾರದೆಂಬುದು ಅವರ ಮೊದಲ ಸೂತ್ರ. ಎಚ್-ಇಂಡೆಕ್ಸಿನ ಜನಕನಾದ ಹಿರ್ಷ್ ಕೂಡ 2020ರಲ್ಲಿ, ತನ್ನ ಅಳತೆಗೋಲಿನಿಂದ ಉದ್ದೇಶಿಸದ ಕೆಟ್ಟ ಪರಿಣಾಮಗಳಾಗಿವೆಯೆಂದು ಒಪ್ಪಿಕೊಂಡನು.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರದ ಆಯ್ಕೆ ಸಮಿತಿಗಳಲ್ಲಿ ಕೂರುವ ಹಿರಿಯರು ಅಭ್ಯರ್ಥಿಯಿಂದ ಅಂಕಗಳ ಪಟ್ಟಿಯ ಜೊತೆಗೆ ಅವರಿಗೇ ಉತ್ತಮವೆನಿಸಿದ ಮೂರು ಪ್ರಬಂಧಗಳನ್ನು ಕೇಳಿ ತರಿಸಿಕೊಳ್ಳಬೇಕು, ಸಂದರ್ಶನದ ದಿನಕ್ಕೆ ಮೊದಲು ಅವನ್ನು ಓದಿರಬೇಕು, ಆ ಪ್ರಬಂಧಗಳಲ್ಲಿ ಅಭ್ಯರ್ಥಿಯ ಕೈಕೆಲಸ ಎಷ್ಟೆಂದು ಎದುರಿಗೆ ಕೂರಿಸಿಕೊಂಡು ವಿಚಾರಿಸಬೇಕು. ಮೂರು ಪ್ರಬಂಧ ಓದಲು ಒಂದು ಮಧ್ಯಾಹ್ನ ಸಾಕು.